ಅಂಗೈ ಮೇಲೊಂದು ಗೂಡ್ಸ್ ರೈಲು

ರೈಲ್ವೆ ಗೇಟು ಬಿದ್ದಾಗ ನೀವು ಏನು ಮಾಡುತ್ತೀರಿ? ಬೈಕ್ ಆಫ್ ಮಾಡಿ ಗಡಿಯಾರ ನೋಡಿಕೊಳ್ಳುತ್ತೀರಿ. ಬರುವುದು ಪ್ರಯಾಣಿಕರ ರೈಲಾದರೆ ಬೇಗ ಬಿಡುಗಡೆ. ಗೂಡ್ಸ್ ಆದರೆ ಮುಖ ಸಪ್ಪಗಾಗುತ್ತದೆ. ಹಿಂದೆ ಕುಳಿತ ಮಗು ಮಾತ್ರ ಉತ್ಸಾಹದಿಂದ ಎಣಿಸುತ್ತಿರುತ್ತದೆ: ಒಂದು, ಎರಡು, ಮೂರು... ಮಗು ನಲವತ್ತು ಮುಟ್ಟುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿದಿರುತ್ತದೆ. ಆ ವ್ಯಾಗನುಗಳ ಬಣ್ಣ ಯಾವುದಿತ್ತು, ಬಾಗಿಲು ಎಲ್ಲಿತ್ತು, ತುಕ್ಕು ಯಾವ ಮೂಲೆಯಿಂದ ಹಿಡಿದಿತ್ತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕಣ್ಣೆದುರೇ ಹಾದುಹೋದದ್ದನ್ನು ನಾವು ನೋಡಿರುವುದೇ ಇಲ್ಲ.

ಇದೇ ಗೂಡ್ಸ್ ರೈಲಿಗಾಗಿ ತಮ್ಮ ಬಿಡುವಿನ ಸಮಯವನ್ನೆಲ್ಲ ಮೀಸಲಿಡುವ ಜನರು ಬ್ರಿಟನ್ನಿನಲ್ಲಿದ್ದಾರೆ. ಮನೆಯ ಒಂದು ಕೋಣೆಯಲ್ಲೋ, ಮಾಳಿಗೆಯಲ್ಲೋ, ಕಾರಿಲ್ಲದ ಗ್ಯಾರೇಜಿನಲ್ಲೋ ಪುಟ್ಟ ಹಳಿ ಹಾಸಿ, ಡೀಸೆಲ್ ಇಂಜಿನ್ ಮತ್ತು ಸರಕು ವ್ಯಾಗನುಗಳ ಮಾದರಿಗಳನ್ನು ಓಡಿಸುತ್ತಾರೆ. ಅವರಲ್ಲಿ ಶಾಲಾ ಬಾಲಕರಿದ್ದಾರೆ. ಆದರೆ ವೈದ್ಯರು, ಬಸ್ಸು ಚಾಲಕರು, ನಿವೃತ್ತ ರೈಲ್ವೆ ನೌಕರರು, ತಲೆ ನರೆತ ಅಜ್ಜಂದಿರೂ ಇದ್ದಾರೆ. ಲಂಡನ್ನಿನ ‘ದಿ ಮಾಡೆಲ್ ರೈಲ್ವೆ ಕ್ಲಬ್’ ಆರಂಭವಾದುದು 1910ರಲ್ಲಿ. ಅಂದರೆ ಈ ಹವ್ಯಾಸಕ್ಕೆ ಶತಮಾನ ದಾಟಿದ ಇತಿಹಾಸವಿದೆ. ‘ದೊಡ್ಡವರ ಮಕ್ಕಳಾಟ’ ಎಂದು ನೀವು ನಗಬಹುದು. ನಗುವ ಮುನ್ನ ಅವರು ಮಾಡುವುದೇನೆಂದು ಸ್ವಲ್ಪ ನೋಡೋಣ.

ನಾಲ್ಕು ಮಿಲಿಮೀಟರಿನ ಲೆಕ್ಕ

ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಎಂಬವರು 1901ರಲ್ಲಿ, ತೂತುಗಳಿರುವ ಲೋಹದ ಪಟ್ಟಿಗಳನ್ನು ಜೋಡಿಸಿ ಆಡುವ ಆಟಿಕೆಗೆ ಪೇಟೆಂಟ್ ಪಡೆದರು. ಮುಂದೆ ‘ಮೆಕ್ಯಾನೊ’ ಎಂದು ಜಗತ್ಪ್ರಸಿದ್ಧವಾದುದು ಇದೇ. 1920ರಲ್ಲಿ ಅವರ ಕಂಪೆನಿ ಕೀಲಿ ಕೊಟ್ಟರೆ ಓಡುವ ರೈಲನ್ನು ಮಾರುಕಟ್ಟೆಗೆ ತಂದಿತು. ಅದು ದೊಡ್ಡ ಗಾತ್ರದ್ದು. ಹಳಿಗಳ ನಡುವೆ 32 ಮಿಲಿಮೀಟರ್ ಅಂತರ. ಸಾಮಾನ್ಯ ಮನೆಗಳಲ್ಲಿ ಅಷ್ಟು ಜಾಗವೆಲ್ಲಿ? 1938ರಲ್ಲಿ ಅದೇ ಕಂಪೆನಿ ‘ಡಬ್ಲೊ’ ಎಂಬ ಹೆಸರಿನಲ್ಲಿ ಸುಮಾರು ಅರ್ಧ ಗಾತ್ರದ ರೈಲನ್ನು ಹೊರತಂದಿತು. ಇಂದಿಗೂ ಬ್ರಿಟನ್ನಿನಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ‘ಡಬಲ್ ಓ’ ಎಂಬ ಈ ಅಳತೆಯೇ.

ಇದರ ಲೆಕ್ಕ ಸರಳ. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ನಾಲ್ಕು ಮಿಲಿಮೀಟರ್. ಅಂದರೆ ಎಲ್ಲವೂ ಸುಮಾರು 76 ಪಟ್ಟು ಚಿಕ್ಕದು. ಆರಡಿ ಎತ್ತರದ ಗಾರ್ಡ್ 24 ಮಿಲಿಮೀಟರ್ ಆಗುತ್ತಾನೆ. ಅರವತ್ತೊಂದೂವರೆ ಅಡಿ ಉದ್ದದ ಡೀಸೆಲ್ ಇಂಜಿನ್ 246 ಮಿಲಿಮೀಟರಿಗೆ ಇಳಿದು ಮೇಜಿನ ಮೇಲೆ ನಿಲ್ಲುತ್ತದೆ. ಒಂದು ಮೈಲಿ ದೂರ 21 ಮೀಟರ್ ಆಗುತ್ತದೆ. ನಿಮ್ಮ ಮಕ್ಕಳು ಅನುಪಾತದ ಲೆಕ್ಕ ಕಲಿಯಲು ಬೇಸರಿಸುತ್ತಿದ್ದರೆ ಈ ನಾಲ್ಕು ಮಿಲಿಮೀಟರಿನ ಲೆಕ್ಕ ಕೊಟ್ಟು ನೋಡಿ. ಮನೆಯ ಬಾಗಿಲು, ಬಾವಿಕಟ್ಟೆ, ಶಾಲಾ ಬಸ್ಸು ಎಲ್ಲವನ್ನೂ ಅಳೆದು ಬರುತ್ತಾರೆ.

ಆದರೆ ಈ ಲೆಕ್ಕದಲ್ಲಿ ಒಂದು ತಪ್ಪು ಅಡಗಿದೆ. ಬ್ರಿಟನ್ನಿನ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ನಾಲ್ಕು ಮಿಲಿಮೀಟರಿನ ಲೆಕ್ಕದಲ್ಲಿ ಅದು 18.83 ಮಿಲಿಮೀಟರ್ ಆಗಬೇಕು. ‘ಡಬಲ್ ಓ’ ಹಳಿಗಳ ನಡುವೆ ಇರುವುದು 16.5 ಮಾತ್ರ. ಇದಕ್ಕೊಂದು ಕಾರಣವಿದೆ. ಈ ಹಳಿಯ ಅಳತೆ ಯೂರೋಪಿನಲ್ಲಿ ಬಳಕೆಯಲ್ಲಿದ್ದ, ಅಡಿಗೆ ಮೂರೂವರೆ ಮಿಲಿಮೀಟರಿನ ಮಾದರಿಗೆ ಹೊಂದುವಂಥದ್ದು. ಬ್ರಿಟನ್ನಿನ ಸೇತುವೆ ಮತ್ತು ಸುರಂಗಗಳು ಇಕ್ಕಟ್ಟಾದುದರಿಂದ ಅಲ್ಲಿನ ಇಂಜಿನ್‌ಗಳೂ ಸಪೂರ. ಅಷ್ಟು ಸಣ್ಣ ಒಡಲಿನೊಳಗೆ ಅಂದಿನ ವಿದ್ಯುತ್ ಮೋಟಾರು ಹಿಡಿಸಲಿಲ್ಲ. ಹಾಗಾಗಿ ಹಳಿಯನ್ನು ಹಾಗೆಯೇ ಬಿಟ್ಟು ಇಂಜಿನ್‌ನ ಒಡಲನ್ನು ಮಾತ್ರ ಹಿಗ್ಗಿಸಿದರು. ಹೆಚ್ಚಿನವರು ಇದನ್ನು ಒಪ್ಪಿಕೊಂಡು ಸುಮ್ಮನಿದ್ದಾರೆ. ಒಪ್ಪದ ಕೆಲವರು ಪ್ರತಿಯೊಂದು ಚಕ್ರವನ್ನೂ ಬದಲಿಸಿ, ಪ್ರತಿಯೊಂದು ಗಜ ಹಳಿಯನ್ನೂ ಕೈಯಿಂದಲೇ ಹಾಸಿ 18.83ರ ಅಳತೆಗೆ ತರುತ್ತಾರೆ. ಎರಡು ಮಿಲಿಮೀಟರಿನ ಸತ್ಯಕ್ಕಾಗಿ ವರ್ಷಗಟ್ಟಲೆ ದುಡಿಯುವವರನ್ನು ಹುಚ್ಚರೆನ್ನುವುದೋ ಪ್ರಾಮಾಣಿಕರೆನ್ನುವುದೋ, ನೀವೇ ತೀರ್ಮಾನಿಸಿ.

ಖಳನಾಯಕನಾಗಿದ್ದ ಡೀಸೆಲ್

‘ಥಾಮಸ್’ ಎಂಬ ನೀಲಿ ಬಣ್ಣದ ಉಗಿ ಇಂಜಿನ್ನಿನ ಕತೆ ನಿಮ್ಮ ಮನೆಯ ಮಕ್ಕಳಿಗೂ ಗೊತ್ತಿರಬಹುದು. ಅದನ್ನು ಬರೆದವರು ವಿಲ್ಬರ್ಟ್ ಆಡ್ರಿ ಎಂಬ ಕ್ರೈಸ್ತ ಪಾದ್ರಿ. ದಡಾರದಿಂದ ಮಲಗಿದ್ದ ಮಗನನ್ನು ಸಂತೈಸಲು ಹೇಳಿದ ಕತೆಗಳೇ 1945ರಿಂದ ಪುಸ್ತಕಗಳಾದವು. ಮಗನಿಗಾಗಿ ಮರದ ತುಂಡುಗಳಿಂದ ಒಂದು ಇಂಜಿನ್ನನ್ನೂ ಅವರು ಮಾಡಿಕೊಟ್ಟರು. 1958ರ ಪುಸ್ತಕದಲ್ಲಿ ಒಂದು ಹೊಸ ಪಾತ್ರ ಬಂತು. ಕಪ್ಪು ಬಣ್ಣ, ನಯವಾದ ಮಾತು, ಒಳಗೆ ಕುತಂತ್ರ. ಅದರ ಹೆಸರೇ ‘ಡೀಸೆಲ್’.

ಆ ಕಾಲದಲ್ಲಿ ಅನೇಕರ ಮನಸ್ಸಿನಲ್ಲಿದ್ದ ಭಾವನೆಯೂ ಅದೇ. 1955ರಲ್ಲಿ ಬ್ರಿಟಿಷ್ ರೈಲ್ವೆ 124 ಕೋಟಿ ಪೌಂಡುಗಳ ಆಧುನೀಕರಣ ಯೋಜನೆಯನ್ನು ಪ್ರಕಟಿಸಿತು. ಉಗಿ ಇಂಜಿನ್‌ಗಳ ಜಾಗಕ್ಕೆ ಡೀಸೆಲ್ ಬರಬೇಕೆಂದಾಯಿತು. ಅವಸರದಲ್ಲಿ ಹಲವು ಕಂಪೆನಿಗಳಿಂದ ಹಲವು ಬಗೆಯ ಇಂಜಿನ್‌ಗಳನ್ನು ತರಿಸಿಕೊಂಡರು. ಕೆಲವು ಪದೇ ಪದೇ ಕೆಟ್ಟು ನಿಂತು, ಹತ್ತು ವರ್ಷವೂ ಬಾಳದೆ ಗುಜರಿ ಸೇರಿದವು. 1963ರಲ್ಲಿ ಬಂದ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. 1968ರ ಆಗಸ್ಟಿನಲ್ಲಿ ಮುಖ್ಯ ಮಾರ್ಗಗಳ ಉಗಿ ಇಂಜಿನ್ ಯುಗ ಕೊನೆಗೊಂಡಿತು. ತಮ್ಮ ಪ್ರೀತಿಯ ಇಂಜಿನ್ನನ್ನು ಕಸಿದುಕೊಂಡ ಡೀಸೆಲನ್ನು ಹಳಬರು ಹೇಗೆ ಪ್ರೀತಿಸಿಯಾರು?

ಆದರೆ ಆಗ ಹುಟ್ಟಿದ ಮಕ್ಕಳಿಗೆ ರೈಲೆಂದರೆ ಡೀಸೆಲ್ಲೇ. ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಇಂಜಿನ್ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಆ ಮಕ್ಕಳು ಬೆಳೆದು ದೊಡ್ಡವರಾದರು. ಇಂದು ಡೀಸೆಲ್ ಮಾದರಿಗಳನ್ನು ಮಾಡುವವರಲ್ಲಿ ದೊಡ್ಡ ಪಾಲು ಅವರದ್ದೇ. ನಾವು ಪ್ರೀತಿಸುವುದು ಎಷ್ಟೋ ಸಲ ಚೆಂದದ ವಸ್ತುವನ್ನಲ್ಲ, ನಮ್ಮ ಬಾಲ್ಯದ ಜೊತೆಗಿದ್ದ ವಸ್ತುವನ್ನು.

ಒಂದು ಇಂಜಿನ್, ಹತ್ತು ಪ್ರಶ್ನೆ

ಬ್ರಿಟನ್ನಿನ ಡೀಸೆಲ್ ಇಂಜಿನ್‌ಗಳನ್ನು ‘ಕ್ಲಾಸ್’ ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. ಯಾರ್ಡಿನಲ್ಲಿ ವ್ಯಾಗನುಗಳನ್ನು ಆಚೀಚೆ ಮಾಡುವ ಪುಟ್ಟ ಶಂಟಿಂಗ್ ಇಂಜಿನ್ ಕ್ಲಾಸ್ 08. 1952ರಿಂದ 1962ರವರೆಗೆ ಇಂತಹ 996 ಇಂಜಿನ್‌ಗಳನ್ನು ಕಟ್ಟಲಾಯಿತು. ಆಡ್ರಿಯವರ ಕತೆಯ ಖಳನಾಯಕನಿಗೆ ರೂಪ ಕೊಟ್ಟದ್ದು ಇದೇ. ದೊಡ್ಡ ಕೆಲಸಕ್ಕೆ 2,580 ಅಶ್ವಶಕ್ತಿಯ ಕ್ಲಾಸ್ 47, ಇವು 512. ಇವೆರಡರ ನಡುವೆ ಎಲ್ಲರ ಮೆಚ್ಚಿನ ಕ್ಲಾಸ್ 37. 1,750 ಅಶ್ವಶಕ್ತಿ, ಆರು ಅಚ್ಚು, ಚಾಚಿದ ಮೂತಿ. 1960ರಿಂದ 1965ರ ನಡುವೆ 309 ತಯಾರಾದವು. ಅರವತ್ತು ವರ್ಷ ಕಳೆದ ಮೇಲೂ ಇವುಗಳಲ್ಲಿ ಕೆಲವು ದುಡಿಯುತ್ತಲೇ ಇದ್ದವು. ಮೊತ್ತಮೊದಲನೆಯದು ಈಗ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಸಂಗ್ರಹಕ್ಕೆ ಸೇರಿದೆ.

ಈ ಇಂಜಿನ್‌ಗೂ ನಮಗೂ ಒಂದು ನಂಟಿದೆ. ಕ್ಲಾಸ್ 37ರಲ್ಲಿ ಹೆಚ್ಚಿನವು ತಯಾರಾದುದು ಇಂಗ್ಲೆಂಡಿನ ವಲ್ಕನ್ ಫೌಂಡ್ರಿ ಎಂಬ ಕಾರ್ಖಾನೆಯಲ್ಲಿ. 1853ರಲ್ಲಿ ಮುಂಬೈಯಿಂದ ಥಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲನ್ನು ಎಳೆದ ಇಂಜಿನ್‌ಗಳು ಬಂದದ್ದೂ ಅಲ್ಲಿಂದಲೇ.

ಮಾದರಿ ಮಾಡುವವನು ‘ನನಗೊಂದು ಕ್ಲಾಸ್ 37 ಬೇಕು’ ಎಂದು ಸುಮ್ಮನೆ ಹೇಳುವಂತಿಲ್ಲ. ಯಾವ ವರ್ಷದ್ದು ಎಂಬುದು ಮೊದಲ ಪ್ರಶ್ನೆ. ಆರಂಭದಲ್ಲಿ ಮೈಬಣ್ಣ ಹಸಿರು. ಅರವತ್ತರ ದಶಕದಲ್ಲಿ ಮೂತಿಗೆ ಹಳದಿ ತುಂಡು ಬಂತು, ಮುಂದೆ ಇಡೀ ಮೂತಿಯೇ ಹಳದಿಯಾಯಿತು. ದಶಕದ ಕೊನೆಯ ಹೊತ್ತಿಗೆ ಮೈಯೆಲ್ಲ ನೀಲಿ. ಎಂಬತ್ತರ ದಶಕದಲ್ಲಿ ಸರಕು ಇಂಜಿನ್‌ಗಳಿಗೆ ಬೂದು ಬಣ್ಣ ಬಂತು. ಮೊದಲ 119 ಇಂಜಿನ್‌ಗಳ ಮೂತಿಯಲ್ಲಿ ರೈಲಿನ ಸಂಕೇತ ತೋರಿಸುವ ಪೆಟ್ಟಿಗೆ ಎರಡು ಭಾಗವಾಗಿತ್ತು, ಆಮೇಲಿನವುಗಳಲ್ಲಿ ಮಧ್ಯದಲ್ಲಿ ಒಂದೇ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನಂಬರುಗಳೇ ಬದಲಾದವು. ಡಿ6700 ಆಗಿದ್ದದ್ದು 37119 ಆಯಿತು. ಬಣ್ಣ, ಮೂತಿ, ನಂಬರು ಈ ಮೂರೂ ಒಂದೇ ಕಾಲಕ್ಕೆ ಹೊಂದದಿದ್ದರೆ ಮಾದರಿ ಎಷ್ಟೇ ಅಂದವಾಗಿದ್ದರೂ ಅದು ಸುಳ್ಳು ಹೇಳಿದಂತೆ. ಅದಕ್ಕಾಗಿ ಅವರು ಹಳೆಯ ಫೋಟೋಗಳನ್ನು ಹುಡುಕುತ್ತಾರೆ. ಫೋಟೋ ತೆಗೆದ ದಿನ ಯಾವುದು, ಸ್ಥಳ ಯಾವುದು ಎಂದು ಪರಿಶೀಲಿಸುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನೊಂದಿಗೆ ಹೋಲಿಸುತ್ತಾರೆ. ಕೇಳಿದ್ದನ್ನೆಲ್ಲ ಮುಂದಕ್ಕೆ ದಾಟಿಸಿಬಿಡುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ.

ಕಲ್ಲಿದ್ದಲು ಹೊತ್ತ ಡಬ್ಬಿಗಳು

ಇಂಜಿನ್ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಬರುವ ವ್ಯಾಗನ್? 1948ರಲ್ಲಿ ಸರಕಾರ ರೈಲ್ವೆಯನ್ನು ವಹಿಸಿಕೊಂಡಾಗ ಸುಮಾರು 12 ಲಕ್ಷ ವ್ಯಾಗನುಗಳು ಅದರ ಕೈಸೇರಿದವು. ಎಷ್ಟೋ ಮರದವು, ಮುದಿಯಾದವು. ಅವುಗಳ ಬದಲಿಗೆ 16 ಟನ್ ಹೊರುವ ಉಕ್ಕಿನ ಕಲ್ಲಿದ್ದಲು ವ್ಯಾಗನ್ ಬಂತು. ನಾಲ್ಕು ಚಕ್ರ, ಹದಿನಾರೂವರೆ ಅಡಿ ಉದ್ದ, ಮೇಲೆ ತೆರೆದ ಡಬ್ಬಿ. ಇಂಥವು ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು. ಬಹುತೇಕ ವ್ಯಾಗನುಗಳಲ್ಲಿ ಚಾಲಕ ಇಂಜಿನ್‌ನಿಂದಲೇ ಹಾಕಬಹುದಾದ ಬ್ರೇಕ್ ಇರಲಿಲ್ಲ. ರೈಲನ್ನು ನಿಲ್ಲಿಸಬೇಕಾದದ್ದು ಮುಂದಿನ ಇಂಜಿನ್ ಮತ್ತು ಹಿಂದಿನ ಬ್ರೇಕ್ ವ್ಯಾನಿನಲ್ಲಿ ಒಬ್ಬನೇ ಕುಳಿತ ಗಾರ್ಡ್. ಕಡಿದಾದ ಇಳಿಜಾರು ಬಂದಾಗ ರೈಲನ್ನು ನಿಲ್ಲಿಸಿ, ವ್ಯಾಗನುಗಳ ಕೈ ಬ್ರೇಕನ್ನು ಒಂದೊಂದಾಗಿ ಒತ್ತಿ ಬಿಗಿಯಬೇಕಿತ್ತು. ಮಳೆಯಿರಲಿ, ಹಿಮವಿರಲಿ, ನಡುರಾತ್ರಿಯಿರಲಿ.

1965ರ ಹೊತ್ತಿಗೆ ಹೊಸ ವಿಧಾನ ಬಂತು. ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ, ಸ್ಥಾವರದಿಂದ ಮತ್ತೆ ಗಣಿಗೆ ಜಾತ್ರೆಯ ತಿರುಗು ತೊಟ್ಟಿಲಿನಂತೆ ಸುತ್ತುವ ರೈಲುಗಳು. ಕೆಳಗಡೆ ಬಾಗಿಲಿರುವ ವ್ಯಾಗನುಗಳಿಂದ ಕಲ್ಲಿದ್ದಲು ತಾನಾಗಿ ಸುರಿಯುತ್ತಿತ್ತು. ರೈಲು ನಿಲ್ಲಬೇಕಾಗಿಯೂ ಇರಲಿಲ್ಲ, ಗಂಟೆಗೆ ಒಂದು ಮೈಲಿಗಿಂತಲೂ ನಿಧಾನವಾಗಿ ತೆವಳುತ್ತಲೇ ಖಾಲಿಯಾಗುತ್ತಿತ್ತು. ಇಂತಹ ಹತ್ತು ಸಾವಿರಕ್ಕೂ ಹೆಚ್ಚು ವ್ಯಾಗನುಗಳನ್ನು ಇಂಗ್ಲೆಂಡಿನ ಶಿಲ್ಡನ್ ಎಂಬ ಪುಟ್ಟ ಪಟ್ಟಣದ ಕಾರ್ಖಾನೆ ಕಟ್ಟಿತು. 1984ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಅದೇ ವರ್ಷ ಗಣಿಗಳನ್ನು ಮುಚ್ಚುವುದರ ವಿರುದ್ಧ ಆರಂಭವಾದ ಗಣಿ ಕಾರ್ಮಿಕರ ಮುಷ್ಕರ ಒಂದು ವರ್ಷ ನಡೆದು ಸೋಲಿನಲ್ಲಿ ಮುಗಿಯಿತು. ನಂತರ ಗಣಿಗಳು ಒಂದರ ಹಿಂದೊಂದು ಮುಚ್ಚಿದವು. ಕೊನೆಯ ಆಳದ ಗಣಿ ಕೆಲ್ಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಕಲ್ಲಿದ್ದಲಿನಿಂದ ವಿದ್ಯುತ್ ತೆಗೆಯುತ್ತಿದ್ದ ಕೊನೆಯ ಸ್ಥಾವರ, ರ‍್ಯಾಟ್‌ಕ್ಲಿಫ್, 2024ರ ಸೆಪ್ಟೆಂಬರ್ 30ರಂದು ನಿಂತಿತು.

ಗಾಳಿ ಶುದ್ಧವಾಗಬೇಕು, ನಿಜ. ಕಲ್ಲಿದ್ದಲಿನ ಹೊಗೆಗಾಗಿ ಯಾರೂ ಅಳಬೇಕಾಗಿಲ್ಲ. ಆದರೆ ಆ ಕೆಲಸವನ್ನು ನಂಬಿ ಬದುಕಿದ ಊರುಗಳಿದ್ದವು. ತಂದೆ, ಮಗ, ಮೊಮ್ಮಗ ಒಂದೇ ಗಣಿಯೊಳಗೆ ಇಳಿದ ಮನೆಗಳಿದ್ದವು. ಇಂದು ಆ ಗಣಿಗಳ ಜಾಗದಲ್ಲಿ ಗೋದಾಮುಗಳೋ ಹುಲ್ಲುಗಾವಲೋ ಕಾಣಸಿಗುತ್ತವೆ. ಕಲ್ಲಿದ್ದಲಿನ ರೈಲು ಹೇಗಿತ್ತೆಂದು ಮೊಮ್ಮಗ ಕೇಳಿದರೆ ತೋರಿಸುವುದೇನು? ವೈಭವದ ಪ್ರಯಾಣಿಕರ ರೈಲಿನ ಚಿತ್ರ ಎಲ್ಲೆಡೆ ಸಿಗುತ್ತದೆ. ಧೂಳು ಹಿಡಿದ ವ್ಯಾಗನಿನ ಫೋಟೋ ತೆಗೆದವರು ಕಡಿಮೆ. ಆ ಮರೆವಿನ ಎದುರು ಪುಟ್ಟ ಸಾಕ್ಷಿಯಾಗಿ ನಿಲ್ಲುವುದು ಒಬ್ಬ ಹವ್ಯಾಸಿಯ ಮೇಜಿನ ಮೇಲಿನ 66 ಮಿಲಿಮೀಟರಿನ ಡಬ್ಬಿ.

ತುಕ್ಕು ಬಳಿಯುವ ಕೈ

ಒಂದು ವ್ಯಾಗನ್ ಹುಟ್ಟುವುದು ಹೀಗೆ. ಪ್ಲಾಸ್ಟಿಕ್ ಬಿಡಿಭಾಗಗಳ ಪೊಟ್ಟಣ ತಂದು, ಭಾಗಗಳನ್ನು ಚೌಕಟ್ಟಿನಿಂದ ಚೂಪಾದ ಬ್ಲೇಡಿನಲ್ಲಿ ಬಿಡಿಸಿ, ಅಂಚುಗಳನ್ನು ಉಜ್ಜಿ ನಯಗೊಳಿಸಬೇಕು. ಅಂಟು ಬಳಸುವಾಗ ಕಿಟಕಿ ತೆರೆದಿರಬೇಕು. ಮಕ್ಕಳು ಮಾಡುವುದಾದರೆ ಬ್ಲೇಡು ಮತ್ತು ಅಂಟಿನ ಕೆಲಸಕ್ಕೆ ಹಿರಿಯರು ಜೊತೆಗಿರಬೇಕು. ಚಕ್ರಗಳ ಅಚ್ಚು ತಿರುಗಲು ಪುಟ್ಟ ಹಿತ್ತಾಳೆಯ ಬಟ್ಟಲುಗಳಿರುತ್ತವೆ. ಅಂಟು ಒಣಗುವ ಮುನ್ನ ವ್ಯಾಗನನ್ನು ಒಂದು ಗಾಜಿನ ತುಂಡಿನ ಮೇಲೆ ನಿಲ್ಲಿಸಿ ನೋಡಬೇಕು. ನಾಲ್ಕೂ ಚಕ್ರ ಗಾಜಿಗೆ ತಾಗಬೇಕು, ಒಂದು ಎದ್ದಿದ್ದರೂ ನಾಳೆ ಹಳಿ ತಪ್ಪುತ್ತದೆ. ತೂಕ ಹಗುರವಾದರೂ ಹಳಿ ತಪ್ಪುತ್ತದೆ. ಒಂದು ಅಚ್ಚಿಗೆ 25 ಗ್ರಾಮಿನಂತೆ ನಾಲ್ಕು ಚಕ್ರದ ವ್ಯಾಗನಿಗೆ ಸುಮಾರು 50 ಗ್ರಾಂ ಇರಬೇಕೆಂಬುದು ಅನುಭವಿಗಳ ಲೆಕ್ಕ.

ಬಣ್ಣ ಬೂದು. ತುದಿಯ ಬಾಗಿಲು ಯಾವ ಕಡೆಗಿದೆ ಎಂದು ಕಾರ್ಮಿಕರಿಗೆ ತಿಳಿಸುವ ಓರೆಯಾದ ಬಿಳಿ ಪಟ್ಟಿ ಪಕ್ಕದಲ್ಲಿ. ಇಷ್ಟಾದ ಮೇಲೆ ವ್ಯಾಗನ್ ಹೊಚ್ಚಹೊಸದಾಗಿ ಹೊಳೆಯುತ್ತದೆ. ನಿಜವಾದ ಕೆಲಸ ಆರಂಭವಾಗುವುದು ಆಗಲೇ. ಹೊಳಪನ್ನು ಕೊಲ್ಲಬೇಕು! ಇದನ್ನು ‘ವೆದರಿಂಗ್’ ಎನ್ನುತ್ತಾರೆ. ತೆಳುವಾಗಿಸಿದ ಕಂದು ಬಣ್ಣವನ್ನು ಬಳಿದು, ಮಳೆನೀರು ಇಳಿಯುವ ದಿಕ್ಕಿನಲ್ಲಿಯೇ ಮೇಲಿನಿಂದ ಕೆಳಕ್ಕೆ ಕುಂಚದಿಂದ ಒರೆಸುತ್ತಾರೆ. ಬಣ್ಣ ಎದ್ದುಹೋದ ಕಡೆ ತುಕ್ಕು, ಚಕ್ರದ ಸುತ್ತ ಬ್ರೇಕಿನ ಕಂದು ಧೂಳು, ಒಳಗಡೆ ಇದ್ದಿಲ ಕಪ್ಪು. ರಿಪೇರಿಗೆ ಹೊಸ ತಗಡು ಹಾಕಿದ್ದರೆ ಆ ತೇಪೆಯ ಬಣ್ಣ ಬೇರೆ. ಕಲ್ಲಿದ್ದಲಿಗೆ ನಿಜವಾದ ಕಲ್ಲಿದ್ದಲನ್ನೇ ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿ ಮಾಡುತ್ತಾರೆ. ರಟ್ಟಿನ ಮೇಲೆ ಅದನ್ನು ಹರಡಿ, ನೀರು ಬೆರೆಸಿದ ಬಿಳಿ ಅಂಟನ್ನು ಹನಿ ಹನಿಯಾಗಿ ಬಿಟ್ಟು ಗಟ್ಟಿ ಮಾಡುತ್ತಾರೆ. ಆ ರಟ್ಟನ್ನು ಹೊರತೆಗೆಯಲು ಬರುವಂತಿರಬೇಕು. ಏಕೆಂದರೆ ಗಣಿಯಿಂದ ಬರುವ ರೈಲು ತುಂಬಿರುತ್ತದೆ, ಗಣಿಗೆ ಹೋಗುವ ರೈಲು ಖಾಲಿ. ತುಂಬಿದ ವ್ಯಾಗನುಗಳು ಗಣಿಯ ಕಡೆಗೆ ಹೊರಟರೆ ನೋಡಿದ ಹಿರಿಯರು ಮುಗುಳ್ನಗುತ್ತಾರೆ.

ಈ ತುಕ್ಕಿನ ಹಿಂದೆ ಒಂದು ಗೌರವವಿದೆ ಎಂದು ನನಗನಿಸುತ್ತದೆ. ಅಂಗಡಿಯಿಂದ ತಂದ ಹೊಳೆಯುವ ವ್ಯಾಗನ್ ಯಾರಿಗಾಗಿಯೂ ದುಡಿದಿಲ್ಲ. ತುಕ್ಕು ಹಿಡಿದ ವ್ಯಾಗನ್ ದುಡಿದಿದೆ. ಬೆವರಿನ ಗುರುತನ್ನು ಒರೆಸಿ ಹಾಕಿದರೆ ಶ್ರಮದ ಚಿತ್ರ ಪೂರ್ಣವಾಗುವುದಿಲ್ಲ.

ಎಂಟು ವ್ಯಾಗನ್, 6,720 ರೈಲು

ಜಾಗ ಮತ್ತು ಹಣ ಇದ್ದವರಿಗೆ ಮಾತ್ರ ಈ ಹವ್ಯಾಸವೇ? ಹಣದ ಮಾತನ್ನು ಮುಚ್ಚಿಡಬಾರದು. ಹೊಸ ಡೀಸೆಲ್ ಇಂಜಿನ್ ಮಾದರಿಯ ಬೆಲೆ ಇಂದು 150 ಪೌಂಡ್ ದಾಟುತ್ತದೆ. ಶಬ್ದ ಹೊರಡಿಸುವ ಚಿಪ್ ಇದ್ದರೆ ಇನ್ನೂ ಹೆಚ್ಚು. ಹೆಂಡತಿಯ ಕಣ್ಣಿಗೆ ಬೀಳದಂತೆ ಪಾರ್ಸೆಲನ್ನು ಗ್ಯಾರೇಜಿನಲ್ಲಿ ಬಚ್ಚಿಡುವ ಗಂಡಂದಿರ ತಮಾಷೆ ಈ ಹವ್ಯಾಸಿಗಳ ನಡುವೆ ಹಳೆಯದು. ತಮಾಷೆ ಇರಬಹುದು, ಆದರೆ ಬಚ್ಚಿಡಬೇಕಾದ ಹವ್ಯಾಸ ಮನೆಗೆ ಒಳ್ಳೆಯದಲ್ಲ. ಪೆಟ್ಟಿಗೆ ಬಿಚ್ಚದೆಯೇ ಕಪಾಟಿನಲ್ಲಿ ಪೇರಿಸಿಡುವವರೂ ಇದ್ದಾರೆ. ಅದು ಹವ್ಯಾಸವಲ್ಲ, ಸಂಗ್ರಹದ ಚಟ.

ಕಡಿಮೆಯಲ್ಲಿಯೇ ತೃಪ್ತಿಪಡುವ ದಾರಿಯೂ ಇದೆ. ಆಲನ್ ರೈಟ್ ಎಂಬ ಹವ್ಯಾಸಿ ರೂಪಿಸಿದ ‘ಇಂಗಲ್‌ನುಕ್’ ಎಂಬ ಪುಟ್ಟ ಯಾರ್ಡ್ ಪುಸ್ತಕದ ಕಪಾಟಿನ ಒಂದು ಹಲಗೆಯ ಮೇಲೆ ಹಿಡಿಸುತ್ತದೆ. ಮೂರು ಹಳಿಗಳು, ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ನಿಲ್ಲಬಹುದು. ಇರುವುದು ಎಂಟು ವ್ಯಾಗನ್, ಒಂದು ಶಂಟಿಂಗ್ ಇಂಜಿನ್. ಎಂಟು ಚೀಟಿಗಳಿಂದ ಐದನ್ನು ಎತ್ತಿ, ಬಂದ ಕ್ರಮದಲ್ಲಿಯೇ ಐದು ವ್ಯಾಗನುಗಳ ರೈಲನ್ನು ಜೋಡಿಸಬೇಕು. ಕೇಳಲು ಸುಲಭ. ಆದರೆ ಎಂಟು, ಏಳು, ಆರು, ಐದು, ನಾಲ್ಕನ್ನು ಗುಣಿಸಿ ನೋಡಿ: 6,720 ಬಗೆಯ ರೈಲುಗಳು! ದಿನಕ್ಕೊಂದರಂತೆ ಆಡಿದರೆ ಹದಿನೆಂಟು ವರ್ಷ ಸಾಲದು. ನಿಜವಾದ ಶಂಟಿಂಗ್ ನೌಕರ ದಿನವಿಡೀ ಎಷ್ಟು ತಲೆ ಓಡಿಸುತ್ತಿದ್ದನೆಂದು ಆಗ ಅರ್ಥವಾಗುತ್ತದೆ.

ಮುಂದಿನ ಬಾರಿ ಗೇಟು ಬಿದ್ದಾಗ

ಇಷ್ಟೆಲ್ಲ ಓದಿ ನೀವು ಇಂಗ್ಲೆಂಡಿನ ರೈಲು ಮಾದರಿ ತರಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಕಣ್ಣನ್ನು ನಾವು ಕಡ ತರಬಹುದು. ನಮ್ಮಲ್ಲೂ ಹಾಸನ-ಮಂಗಳೂರು ನಡುವೆ ಘಟ್ಟ ಇಳಿಯುವ ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡು, ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಆ ಕಿರಿದಾದ ಹಳಿಯ ಮೇಲೆ ಸರಕು ಸಾಗಿಸಿದವರು, ರಾತ್ರಿಯಿಡೀ ಬ್ರೇಕ್ ವ್ಯಾನಿನಲ್ಲಿ ಕುಳಿತ ಗಾರ್ಡ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ವ್ಯಾಗನಿನ ಉದ್ದ ಎಷ್ಟಿತ್ತು, ಬಣ್ಣ ಯಾವುದಿತ್ತು ಎಂದು ನಾವು ಕೇಳಿದ್ದೇವೆಯೇ?

ನಿಮ್ಮ ಮನೆಯಲ್ಲಿಯೇ ಅಜ್ಜನೊಬ್ಬ ಯಾವುದೋ ಕೆಲಸ ಮಾಡಿರುತ್ತಾರೆ. ದೋಣಿ, ಎತ್ತಿನ ಗಾಡಿ, ಹೆಂಚಿನ ಕಾರ್ಖಾನೆ, ಲಾರಿ, ಯಾವುದೂ ಆಗಿರಬಹುದು. ರಜೆಯಲ್ಲಿ ಮಕ್ಕಳನ್ನು ಅವರ ಬಳಿ ಕೂರಿಸಿ. ಅಳತೆ ಕೇಳಿ ಬರೆದುಕೊಳ್ಳಲಿ. ಅಡಿಗೆ ನಾಲ್ಕು ಮಿಲಿಮೀಟರಿನಂತೆ ಲೆಕ್ಕ ಹಾಕಿ, ರಟ್ಟು ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯಲಿ. ಎಲ್ಲಿ ಸವೆದಿತ್ತು, ಎಲ್ಲಿ ತೇಪೆ ಹಾಕಿತ್ತು ಎಂದು ಅಜ್ಜನೇ ತಿದ್ದಲಿ. ಆ ಒಂದು ಸಂಜೆ ಮೊಬೈಲು ತಾನಾಗಿಯೇ ಮೂಲೆ ಸೇರುತ್ತದೆ. ಮೊಮ್ಮಕ್ಕಳು ಒಮ್ಮೆಯೂ ಕೇಳದ ಕತೆಯೊಂದು ಆಗ ಅಜ್ಜನ ಬಾಯಿಂದ ಹೊರಬರಬಹುದು.

ಮತ್ತೆ ರೈಲ್ವೆ ಗೇಟು ಬಿದ್ದಾಗ ಗಡಿಯಾರ ನೋಡಬೇಡಿ. ಹಿಂದೆ ಕುಳಿತ ಮಗುವಿನ ಜೊತೆ ನೀವೂ ಎಣಿಸಿ. ಕೊನೆಯ ವ್ಯಾಗನಿನ ಹಿಂದೆ ಗಾರ್ಡ್ ಕಂಡರೆ ಒಮ್ಮೆ ಕೈ ಬೀಸಿ.